ಕಿಲ್ಲಾರಿ: ಮಾಳಿಗೆ ಮನೆಗಳ ಊರು ಮತ್ತು 1993ರ ಭೂಕಂಪ

ಕಿಲ್ಲಾರಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಔಸಾ ತಾಲ್ಲೂಕಿಗೆ ಸೇರಿದ ಊರು. ಜಿಲ್ಲಾ ಕೇಂದ್ರದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಮಾಂಜ್ರಾ ನದಿಯನ್ನು ಸೇರುವ ತೇರಣಾ ಹೊಳೆಯ ಬಯಲಿನಲ್ಲಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಇಲ್ಲಿಂದ ಐವತ್ತು ಕಿ.ಮೀ. ಆಸುಪಾಸು. ಕಲಬುರಗಿಯೂ ನೂರು ಕಿ.ಮೀ. ಒಳಗೇ ಸಿಗುತ್ತದೆ. ಎರೆ ಭೂಮಿ, ಜೋಳ, ತೊಗರಿ, ನೀರು ಸಿಕ್ಕಲ್ಲಿ ಕಬ್ಬು, ಸಹಕಾರಿ ರಂಗದ ಒಂದು ಸಕ್ಕರೆ ಕಾರ್ಖಾನೆ: 1993ರವರೆಗೆ ಕಿಲ್ಲಾರಿಯ ಪರಿಚಯ ಇಷ್ಟರಲ್ಲೇ ಮುಗಿಯುತ್ತಿತ್ತು. ಆ ವರ್ಷದ ಸೆಪ್ಟೆಂಬರ್ 30ರ ಬೆಳಗಿನ ಜಾವ ನಡೆದ ಭೂಕಂಪದ ಬಳಿಕ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಈ ಊರಿನ ಹೆಸರು ಸೇರಿಕೊಂಡಿತು.

ಆಡಳಿತದ ಗೆರೆ ಈ ಸೀಮೆಯನ್ನು ಎರಡು ರಾಜ್ಯಗಳಿಗೆ ಹಂಚಿದ್ದು ತೀರ ಈಚೆಗೆ. 1948ರವರೆಗೆ ಲಾತೂರ್, ಉಸ್ಮಾನಾಬಾದ್, ಬೀದರ್, ಕಲಬುರಗಿ ಎಲ್ಲವೂ ಹೈದರಾಬಾದ್ ನಿಜಾಮರ ಕೈಕೆಳಗಿದ್ದವು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಿಲಂಗಾ, ಉದಗೀರ್, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಮತ್ತು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದವು. 1982ರಲ್ಲಿ ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು ಲಾತೂರ್ ಜಿಲ್ಲೆ ಮಾಡಿದರು. ಉಸ್ಮಾನಾಬಾದ್‌ಗೆ ಈಗ ಧಾರಾಶಿವ ಎಂಬ ಹೆಸರು. ಇನ್ನೂ ಹಿಂದಕ್ಕೆ ಹೋದರೆ ಕನ್ನಡದ ನಂಟು ಮತ್ತಷ್ಟು ಗಟ್ಟಿ. ರಾಷ್ಟ್ರಕೂಟರೂ ಸವದತ್ತಿಯ ರಟ್ಟರೂ ತಮ್ಮ ಶಾಸನಗಳಲ್ಲಿ ಲತ್ತಲೂರಿನ ಒಡೆಯರೆಂದು ಹೇಳಿಕೊಂಡಿದ್ದಾರೆ. ಆ ಲತ್ತಲೂರನ್ನು ವಿದ್ವಾಂಸರು ಇಂದಿನ ಲಾತೂರಿನೊಡನೆ ಗುರುತಿಸುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಇದು ರಾಜಧಾನಿಯ ಸೆರಗಿನ ನಾಡು. ಕಿಲ್ಲಾರಿಯಲ್ಲಿಯೂ ನೀಲಕಂಠೇಶ್ವರನ ಹಳೆಯ ಗುಡಿಯಿದೆ. ಇಂದು ಊರಿನ ಆಡುಮಾತು ಮರಾಠಿ. ಆದರೆ ಲಿಂಗಾಯತ ಮನೆತನಗಳ ನೆಂಟಸ್ತಿಕೆಗೂ ಸಂತೆ, ಜಾತ್ರೆಗಳ ಹೋಗುಬರುವಿಗೂ ರಾಜ್ಯದ ಗಡಿ ಎಂದೂ ದೊಡ್ಡ ಅಡ್ಡಿಯಾಗಿಲ್ಲ.

ಗಡಿಯ ಎರಡೂ ಕಡೆ ಮನೆ ಕಟ್ಟುವ ಪದ್ಧತಿಯೂ ಒಂದೇ. ಕಲಬುರಗಿ, ಬೀದರ್ ಜಿಲ್ಲೆಗಳ ಮಾಳಿಗೆ ಮನೆಯನ್ನು ಕಂಡವರಿಗೆ ಹಳೆಯ ಕಿಲ್ಲಾರಿಯ ಮನೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಕರಿಕಲ್ಲಿನ ದಪ್ಪ ಗೋಡೆ, ಒಳಗೆ ಮರದ ಕಂಬಗಳ ಸಾಲು, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಗಟ್ಟಿಸಿದ ಮಣ್ಣಿನ ಸಮತಟ್ಟು ಮಾಳಿಗೆ. ಮನೆಯ ಅಳತೆಯನ್ನು ಅಂಕಣಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಮಾಳಿಗೆ ಮನೆಯ ಒಳಗೆ ತಂಪಾಗಿ ಇರಬಹುದಿತ್ತು. ಸಂಜೆ ಮೇಲೆ ಹತ್ತಿ ಕೂರಲು, ಕಾಳುಕಡಿ ಒಣಹಾಕಲು, ಸೆಖೆಗಾಲದಲ್ಲಿ ಮಲಗಲು ಮಾಳಿಗೆಯೇ ಜಾಗ. ಕಲ್ಲೂ ಮಣ್ಣೂ ಊರ ಸುತ್ತಲೇ ಸಿಗುತ್ತಿದ್ದವು. ದುಡ್ಡು ಕೊಟ್ಟು ತರಬೇಕಾಗಿದ್ದು ಮರವೊಂದೇ. ಗೋಡೆ ದಪ್ಪವಾದಷ್ಟೂ ಮನೆತನಕ್ಕೆ ಗೌರವ ಹೆಚ್ಚು. ಎರಡೂವರೆ ಅಡಿ, ಮೂರು ಅಡಿ ದಪ್ಪದ ಗೋಡೆ ಅಲ್ಲಿ ಸಾಮಾನ್ಯವಾಗಿತ್ತು.

ಇಂಥ ಮನೆಯ ಅಪಾಯ ಹೊರಗೆ ಕಾಣುವಂಥದಲ್ಲ. ದಪ್ಪ ಗೋಡೆ ನೋಡುವುದಕ್ಕೆ ಒಂದು. ಕಟ್ಟುವಾಗ ಅದು ಎರಡು. ಹೊರಮೈಗೆ ಒಂದು ವರಸೆ ಕಲ್ಲು, ಒಳಮೈಗೆ ಇನ್ನೊಂದು ವರಸೆ, ನಡುವಿನ ಸಂದಿನಲ್ಲಿ ಚೂರುಗಲ್ಲು, ಮಣ್ಣು. ಎರಡೂ ಮೈಗಳನ್ನು ಹಿಡಿದಿಡುವಂತೆ ಗೋಡೆಯ ಅಡ್ಡಕ್ಕೂ ಚಾಚಿಕೊಳ್ಳುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡಬೇಕು. ಹಳೆಯ ಒಳ್ಳೆಯ ಕಟ್ಟಡಗಳಲ್ಲಿ ಅದನ್ನು ಪಾಲಿಸುತ್ತಿದ್ದರು. ಖರ್ಚು ಉಳಿಸುವ ಭರದಲ್ಲಿ, ಕೈ ಪಳಗಿದ ಕಲ್ಲುಕುಟಿಗರು ಕಡಿಮೆಯಾದಂತೆ ಆ ರೂಢಿ ತಪ್ಪಿತು. ಗಾರೆಯ ಬದಲು ಮಣ್ಣಿನಲ್ಲಿ ಕಟ್ಟಿದ ಗೋಡೆ ನಿಂತಿದ್ದು ತನ್ನ ಭಾರದ ಬಲದಿಂದ ಮಾತ್ರ. ಮಾಳಿಗೆಯ ಕತೆಯೂ ಹೀಗೆಯೇ. ಮಳೆಗಾಲದಲ್ಲಿ ಸೋರಿದರೆ ಮೇಲೆ ಇನ್ನೊಂದು ಪದರ ಮಣ್ಣು ಹಾಕಿ ಗಟ್ಟಿಸುವುದು ವಾಡಿಕೆ. ಹಳೆಯದನ್ನು ತೆಗೆಯುತ್ತಿರಲಿಲ್ಲ. ಅಜ್ಜ ಅರ್ಧ ಅಡಿ ಹಾಕಿದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಒಂದೂವರೆ, ಎರಡು ಅಡಿಯಾಗುತ್ತಿತ್ತು. ಎರಡು ಅಡಿ ಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು ಒಂದು ಟನ್ ತೂಕ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಸಾಧಾರಣ ಕೋಣೆಯಲ್ಲಿ ಮಲಗಿದವರ ತಲೆಯ ಮೇಲೆ ಹನ್ನೆರಡು ಟನ್ ಮಣ್ಣು ಇರುತ್ತಿತ್ತು. ನೆಲ ಅಲುಗದಿರುವ ತನಕ ಅದು ತಂಪು ಕೊಡುವ ಸೂರು.

ನೆಲ ಅಲುಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಸರ್ಕಾರದ ನಂಬಿಕೆಯೂ ಅದೇ. ದೇಶವನ್ನು ಭೂಕಂಪದ ಅಪಾಯಕ್ಕೆ ತಕ್ಕಂತೆ ಐದು ವಲಯಗಳಾಗಿ ವಿಂಗಡಿಸಿದ್ದ ಅಂದಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಸುರಕ್ಷಿತವಾದ ಒಂದನೇ ವಲಯದಲ್ಲಿ. ದಖ್ಖನ್ ಪ್ರಸ್ಥಭೂಮಿ ಹಳೆಯ, ತಣ್ಣಗಾದ, ಗಟ್ಟಿ ನೆಲ ಎಂಬುದು ಪಠ್ಯಪುಸ್ತಕದ ಮಾತು. ಆ ನಂಬಿಕೆಗೆ 1967ರ ಡಿಸೆಂಬರ್ 11ರಂದೇ ಒಂದು ಪೆಟ್ಟು ಬಿದ್ದಿತ್ತು. ಸಹ್ಯಾದ್ರಿಯ ಕೊಯ್ನಾ ಅಣೆಕಟ್ಟಿನ ಬಳಿ 6ನ್ನು ಮೀರಿದ ಪ್ರಮಾಣದ ಭೂಕಂಪವಾಗಿ ಸುಮಾರು ಇನ್ನೂರು ಜನ ಸತ್ತಿದ್ದರು. ಆದರೆ ಕೊಯ್ನಾದಲ್ಲಿ ದೊಡ್ಡ ಜಲಾಶಯ ತುಂಬಿದ ಮೇಲೆ ಕಂಪನ ಶುರುವಾಗಿದ್ದರಿಂದ ಅದನ್ನು ಒಂದು ಅಪವಾದವೆಂದು ಬದಿಗಿಡುವುದು ಸುಲಭವಾಯಿತು.

ಕಿಲ್ಲಾರಿಯ ನೆಲ ಮುನ್ಸೂಚನೆ ಕೊಡದೆ ಇರಲಿಲ್ಲ. 1992ರ ಆಗಸ್ಟ್‌ನಿಂದ 1993ರ ಮಾರ್ಚ್‌ವರೆಗೆ ಊರಿನ ಸುತ್ತ ನೂರಕ್ಕೂ ಮಿಕ್ಕಿ ಸಣ್ಣ ಕಂಪನಗಳಾದವು. 1992ರ ಅಕ್ಟೋಬರ್‌ನಲ್ಲಿ ಆದದ್ದು ಗೋಡೆ ಬಿರುಕು ಬಿಡಿಸುವಷ್ಟು ಜೋರಾಗಿತ್ತು. ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತದೆಂದು ಜನ ದೂರು ಕೊಟ್ಟರು, ಹೆದರಿ ರಾತ್ರಿ ಹೊರಗೆ ಮಲಗಿದರು. ಕೆಲವರು ಊರೇ ಬಿಟ್ಟರು. ಮುಂದೆ ಕಂಪನಗಳು ವಿರಳವಾಗಿ, ಬೇಸಿಗೆಯೊಳಗೆ ಬಹುಮಟ್ಟಿಗೆ ನಿಂತವು. ಹೋದವರು ಮರಳಿ ಬಂದರು. ಹೊರಗೆ ಮಲಗುತ್ತಿದ್ದವರು ಒಳಗೆ ಹೋದರು. ಇಂಥ ಸಣ್ಣ ಕಂಪನಗಳ ಸರಣಿ ಎಷ್ಟೋ ಕಡೆ ಏನೂ ಆಗದೆ ಮುಗಿಯುತ್ತದೆ. ಆದ್ದರಿಂದ ಯಾವ ವಿಜ್ಞಾನಿಯೂ ಅಂದು ದೊಡ್ಡ ಭೂಕಂಪದ ದಿನವನ್ನು ಹೇಳಲು ಸಾಧ್ಯವಿರಲಿಲ್ಲ, ಇಂದೂ ಸಾಧ್ಯವಿಲ್ಲ. ಆದರೆ ಮನೆಯ ಮಾಳಿಗೆಯಿಂದ ಒಂದು ಅಡಿ ಮಣ್ಣು ತೆಗೆಸುವುದಕ್ಕೆ ದಿನ ಗೊತ್ತಾಗಬೇಕಿರಲಿಲ್ಲ. ಏಳೆಂಟು ತಿಂಗಳ ಆ ಅವಧಿಯಲ್ಲಿ ಆಗಬಹುದಾಗಿದ್ದ ಅತಿ ದೊಡ್ಡ ಕೆಲಸ ಅದು, ಮತ್ತು ಅದಕ್ಕೆ ಗುದ್ದಲಿ, ಬುಟ್ಟಿ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಅದನ್ನು ಹೇಳಿಕೊಡುವ ವ್ಯವಸ್ಥೆ ಆಗ ದೇಶದಲ್ಲಿರಲಿಲ್ಲ.

1993ರ ಸೆಪ್ಟೆಂಬರ್ 29 ಗಣಪತಿ ಬಿಡುವ ದಿನ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅನಂತ ಚತುರ್ದಶಿಯ ಮೆರವಣಿಗೆ ತಡರಾತ್ರಿಯವರೆಗೆ ನಡೆಯುತ್ತದೆ. ಮೂರ್ತಿಗಳನ್ನು ನೀರಿಗೆ ಬಿಟ್ಟು ಬಂದು ಜನ ದಣಿದು ಮಲಗಿದ್ದರು. 30ರ ನಸುಕಿನಲ್ಲಿ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಕಂಪನದ ಪ್ರಮಾಣ 6.2ರ ಆಸುಪಾಸು, ಕೇಂದ್ರ ಇದ್ದದ್ದು ನೆಲದಡಿ ಸುಮಾರು 10 ಕಿ.ಮೀ. ಅಥವಾ ಅದಕ್ಕಿಂತಲೂ ಕಡಿಮೆ ಆಳದಲ್ಲಿ. ಆಳ ಕಡಿಮೆಯಿದ್ದಷ್ಟೂ ಮೇಲಿನ ಊರಿಗೆ ಪೆಟ್ಟು ಜೋರು. ಅಲುಗಾಟ ಮುಂಬಯಿ, ಹೈದರಾಬಾದ್, ಮದ್ರಾಸುಗಳವರೆಗೂ ತಿಳಿಯಿತು. ಬೆಂಗಳೂರಿನಲ್ಲೂ ಅನುಭವಕ್ಕೆ ಬಂತು.

ಗೋಡೆಗಳು ಮೊದಲು ಸೀಳಿದವು. ಒಳಮೈ ಹೊರಮೈ ಬೇರೆಯಾಗಿ, ನಡುವಿನ ಚೂರುಗಲ್ಲು ಕೆಳಗಿಳಿದು ಎರಡನ್ನೂ ಹೊರಕ್ಕೆ ತಳ್ಳಿತು. ಗೋಡೆಯ ಆಸರೆ ತಪ್ಪಿದ ಜಂತಿಗಳು ಜಾರಿದವು, ಮಾಳಿಗೆಯ ಮಣ್ಣು ಒಟ್ಟಿಗೇ ಕೆಳಗೆ ಕುಸಿಯಿತು. ಕಲ್ಲಿನ ಪೆಟ್ಟಿಗಿಂತ ಮಣ್ಣಿನಡಿ ಉಸಿರುಕಟ್ಟಿ ಸತ್ತವರೇ ಬಹಳ ಎಂಬುದನ್ನು ಅಲ್ಲಿಗೆ ಹೋದವರೆಲ್ಲ ಗಮನಿಸಿದರು. ಕಾಂಕ್ರೀಟ್ ಕಟ್ಟಡ ಕುಸಿದರೆ ತೊಲೆಗಳ ನಡುವೆ ಗಾಳಿಯಾಡುವ ಸಂದು ಉಳಿಯುವುದುಂಟು, ಗಂಟೆಗಟ್ಟಲೆ ಬದುಕಿರಬಹುದು. ಮಣ್ಣು ಅಂಥ ಸಂದು ಬಿಡುವುದಿಲ್ಲ. ಕಂಬ–ತೊಲೆಗಳ ಚೌಕಟ್ಟು ಬಿಗಿಯಾಗಿದ್ದ ಕೆಲವು ಮನೆಗಳಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತು ಒಳಗಿದ್ದವರು ಪಾರಾದರು. ಊರಂಚಿನ ಹುಲ್ಲಿನ ಜೋಪಡಿ, ತಗಡಿನ ಮನೆಗಳಲ್ಲಿದ್ದ ಬಡವರು ಬಹುಪಾಲು ಬದುಕಿದರು. ಉಳ್ಳವರ ಎತ್ತರದ ವಾಡೆಗಳು ನೆಲಸಮವಾದವು. ಸಂಪತ್ತು ಇದ್ದವರಿಗೇ ಮನೆಯ ಭಾರ ಹೆಚ್ಚಾಗಿತ್ತು.

ಸರ್ಕಾರದ ಲೆಕ್ಕದಲ್ಲಿ ಸತ್ತವರು 7,928. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಪಟ್ಟಿಯಲ್ಲಿ ಈ ಸಂಖ್ಯೆ 9,748. ಗಾಯಗೊಂಡವರು ಹದಿನಾರು ಸಾವಿರದಷ್ಟು. ಸತ್ತ ದನಕರುಗಳೂ ಹೆಚ್ಚುಕಡಿಮೆ ಅಷ್ಟೇ. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳು ಪೂರ್ತಿ ಹಾಳಾದವು. ಕಿಲ್ಲಾರಿಯ ಜೊತೆಗೆ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರ್ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಊರು. ಈ ಸಂಖ್ಯೆಗಳ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಟ್ಟು ನೋಡುವುದು ಅಗತ್ಯ. ಮೂರೂವರೆ ತಿಂಗಳ ನಂತರ, 1994ರ ಜನವರಿ 17ರಂದು, ಅಮೆರಿಕದ ಲಾಸ್ ಏಂಜಲಿಸ್ ಬಳಿಯ ನಾರ್ತ್‌ರಿಡ್ಜ್‌ನಲ್ಲಿ ಭೂಕಂಪವಾಯಿತು. ಅದೂ ನಸುಕಿನ ವೇಳೆಯೇ, ನಾಲ್ಕೂವರೆಗೆ. ಪ್ರಮಾಣ 6.7, ಕಿಲ್ಲಾರಿಯದಕ್ಕಿಂತ ಹೆಚ್ಚು. ಸುತ್ತಲಿನ ಜನವಸತಿಯೂ ಬಹುಪಟ್ಟು ಹೆಚ್ಚು. ಅಲ್ಲಿ ಸತ್ತವರು ಅರವತ್ತರ ಆಸುಪಾಸು. ಎರಡು ಊರುಗಳ ಈ ಅಂತರವನ್ನು ನೆಲದ ಅಲುಗಾಟ ವಿವರಿಸಲಾರದು. ಸೂರು, ಗೋಡೆಗಳೇ ವಿವರಿಸಬೇಕು. ಕಿಲ್ಲಾರಿಯ ಸಾವುಗಳನ್ನು ದೈವದ ತಲೆಗೆ ಕಟ್ಟುವುದು ಆ ಸತ್ತವರಿಗೆ ಮಾಡುವ ಅನ್ಯಾಯ.

ಬೆಳಕು ಹರಿದಾಗ ರಸ್ತೆ ಯಾವುದು, ಮನೆ ಯಾವುದು ಎಂದು ಗುರುತು ಹಿಡಿಯಲು ಆಗುತ್ತಿರಲಿಲ್ಲ. ಹಳೆಯ ಊರಿನ ಓಣಿಗಳು ಎರಡು ಎತ್ತಿನ ಬಂಡಿ ಎದುರುಬದುರು ಹಾಯಲಾರದಷ್ಟು ಇಕ್ಕಟ್ಟು. ಎರಡೂ ಬದಿಯ ಗೋಡೆಗಳು ಓಣಿಗೇ ಬಿದ್ದಿದ್ದರಿಂದ ಹೊರಗೆ ಓಡಿದವರೂ ಸಿಕ್ಕಿಬಿದ್ದಿದ್ದರು. ಮೊದಲ ಗಂಟೆಗಳಲ್ಲಿ ಕಲ್ಲು ಸರಿಸಿ ಜನರನ್ನು ಎಳೆದವರು ಬದುಕುಳಿದ ಊರವರೇ, ಬರಿಗೈಯಲ್ಲಿ. ಮುಖ್ಯಮಂತ್ರಿ ಶರದ್ ಪವಾರ್ ಅಂದೇ ಅಲ್ಲಿಗೆ ತಲುಪಿದರು. ಸೈನ್ಯ ಬಂತು. ಗಾಯಾಳುಗಳನ್ನು ಲಾತೂರ್, ಸೊಲ್ಲಾಪುರದ ಆಸ್ಪತ್ರೆಗಳಿಗೆ ಸಾಗಿಸಿದರು. ಮುಂದಿನ ದಿನಗಳಲ್ಲಿ ಮಳೆ ಹಿಡಿದು ಅಗೆತದ ಕೆಲಸವನ್ನು ಇನ್ನಷ್ಟು ಕಷ್ಟಮಾಡಿತು. ಹೆಣ ಸುಡಲು ಕಟ್ಟಿಗೆ ಸಾಲದೆ ಕುಸಿದ ಮನೆಗಳ ಜಂತಿ, ತೊಲೆಗಳನ್ನೇ ಬಳಸಿ ಸಾಮೂಹಿಕವಾಗಿ ದಹನ ಮಾಡಿದರು.

ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ಪ್ರಶ್ನೆ ದೊಡ್ಡದಿತ್ತು. ಪುಣೆಯ ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋಗಿ ವಸತಿ ಮತ್ತು ಓದಿನ ಹೊಣೆ ಹೊತ್ತಿತು. ಅವರಲ್ಲಿ ಬಹಳಷ್ಟು ಮಂದಿ ಅಲ್ಲಿಯೇ ಓದು ಮುಗಿಸಿದರು. ದೇಶದಲ್ಲಿ ವಿಪತ್ತಿನ ನಂತರದ ಶಿಕ್ಷಣದ ಬಗ್ಗೆ ನಡೆದ ದೀರ್ಘಕಾಲದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಮರುನಿರ್ಮಾಣದ ಕೆಲಸ ಅಲ್ಲಿಯವರೆಗೆ ದೇಶ ಕಂಡ ಇಂಥ ಯಾವುದಕ್ಕಿಂತಲೂ ದೊಡ್ಡದಾಗಿತ್ತು. ವಿಶ್ವಬ್ಯಾಂಕ್ 1994ರಲ್ಲಿ ಸುಮಾರು 24.6 ಕೋಟಿ ಡಾಲರ್ ಸಾಲ ಒಪ್ಪಿಕೊಂಡಿತು. ಕೆಲಸ 1998ರ ಕೊನೆಯವರೆಗೆ ನಡೆಯಿತು. ಹಾನಿಯ ಮಟ್ಟ ನೋಡಿ ಹಳ್ಳಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪೂರ್ತಿ ಹಾಳಾದ 52 ಹಳ್ಳಿಗಳಿಗೆ ಬೇರೆ ಜಾಗದಲ್ಲಿ ಹೊಸ ಊರು. ಇನ್ನು ಇಪ್ಪತ್ತೆರಡು ಹಳ್ಳಿಗಳಲ್ಲಿ ಇದ್ದಲ್ಲಿಯೇ ಹೊಸ ಮನೆ. ಉಳಿದಂತೆ ಹದಿಮೂರು ಜಿಲ್ಲೆಗಳ ಸುಮಾರು 2,500 ಹಳ್ಳಿಗಳಲ್ಲಿ ಬಿರುಕು ಬಿಟ್ಟ ಮನೆಗಳ ರಿಪೇರಿ ಮತ್ತು ಬಲಪಡಿಸುವಿಕೆ. ಈ ಮೂರನೆಯದರಲ್ಲಿ ಸುಮಾರು ಎರಡು ಲಕ್ಷ ಮನೆಗಳಿದ್ದವು.

ಹೊಸ ಊರುಗಳಲ್ಲಿ ಮನೆಯ ಅಳತೆ ನಿಗದಿಯಾದದ್ದು ಜಮೀನಿನ ಮೇಲೆ. ಭೂಮಿಯಿಲ್ಲದವರಿಗೂ ಒಂದು ಹೆಕ್ಟೇರ್‌ವರೆಗಿನ ರೈತರಿಗೂ 250 ಚದರ ಅಡಿ, ಏಳು ಹೆಕ್ಟೇರ್‌ವರೆಗಿನವರಿಗೆ 400, ಅದಕ್ಕೂ ಮೇಲ್ಪಟ್ಟವರಿಗೆ 750. ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್ ಗೋಡೆ, ಅದಕ್ಕೆ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿಗಳ ಬಿಗಿ, ಮೇಲೆ ಕಾಂಕ್ರೀಟ್ ತಾರಸಿ. ಬೀದಿಗಳು ಅಗಲ, ನೇರ, ಚೌಕಬಾರದ ಮನೆಯಂತೆ ಅಡ್ಡ–ಉದ್ದ ಗೆರೆ ಎಳೆದವು. ಇಕ್ಕಟ್ಟಿನ ಓಣಿಯಲ್ಲಿ ಸತ್ತವರನ್ನು ಕಂಡವರಿಗೆ ಅಗಲ ಬೀದಿ ಬೇಕೆನಿಸಿದ್ದು ಸಹಜ. ಮನೆಗಳು ಭೂಕಂಪಕ್ಕೆ ನಿಲ್ಲುವಂಥವೂ ಹೌದು. ಈ ಸಾಧನೆಯನ್ನು ಕಡಿಮೆ ಎಣಿಸುವಂತಿಲ್ಲ.

ಆದರೂ ಆ ಊರುಗಳಲ್ಲಿ ಒಕ್ಕಲುತನದ ಬದುಕಿಗೆ ಬೇಕಾದ ಕೆಲವು ಸಂಗತಿಗಳು ನಕ್ಷೆಯಿಂದ ಬಿಟ್ಟುಹೋದವು. ಹಳೆಯ ಮನೆಯಲ್ಲಿ ದನ ಕಟ್ಟಲು, ಹೊಟ್ಟು ಮೇವು ಒಟ್ಟಲು, ಕಾಳು ಇಡಲು, ಪಡಸಾಲೆಯಲ್ಲಿ ನಾಲ್ಕು ಜನ ಕೂತು ಮಾತಾಡಲು ಜಾಗವಿತ್ತು. 250 ಚದರ ಅಡಿಯ ಡಬ್ಬಿಯಂಥ ಮನೆಯಲ್ಲಿ ಅದಾವುದೂ ಇಲ್ಲ. ಹೊಸ ಊರು ಹಳೆಯದಕ್ಕಿಂತ ಹಲವು ಪಟ್ಟು ಹರಡಿಕೊಂಡಿತು. ನೀರಿನ ಕೊಳಾಯಿ, ದೀಪ, ರಸ್ತೆಗಳನ್ನು ನೋಡಿಕೊಳ್ಳುವ ಖರ್ಚು ಬಡ ಪಂಚಾಯಿತಿಗಳ ಮೇಲೆ ಬಿತ್ತು. ಹೊಲ ದೂರವಾಯಿತು. ಅಕ್ಕಪಕ್ಕದಲ್ಲಿ ಮೂರು ತಲೆಮಾರು ಬಾಳಿದವರು ಊರಿನ ಬೇರೆ ಬೇರೆ ಮೂಲೆಗೆ ಸೇರಿದರು. ಕಾಂಕ್ರೀಟ್ ತಾರಸಿಯಡಿ ಮರಾಠವಾಡಾದ ಬೇಸಿಗೆ ಸಹಿಸುವುದು ಕಷ್ಟವಾದಾಗ ಜನ ತಗಡು, ಕಲ್ಲುಗಳಿಂದ ತಾವೇ ಕಟ್ಟಿಕೊಂಡ ಚಪ್ಪರ, ಕೋಣೆಗಳು ಮನೆಗಳ ಮುಂದೆ ಹಿಂದೆ ಎದ್ದವು. ಹಳೆಯ ಮನೆಗಳಿಂದ ಉಳಿಸಿಕೊಂಡು ಬಂದ ಕೆತ್ತನೆಯ ಕಂಬ, ಬಾಗಿಲುಗಳೂ ಅಂಥ ಕೋಣೆಗಳಲ್ಲಿ ಸೇರಿಕೊಂಡವು.

ಹೋಲಿಸಿದರೆ ಮೂರನೆಯ ಬಗೆಯ, ಅಂದರೆ ರಿಪೇರಿಯ ಕೆಲಸ ಹೆಚ್ಚು ಮಾತಿಗೆ ಬರಲಿಲ್ಲ, ಆದರೆ ಕಲಿಯುವುದು ಅಲ್ಲಿಯೇ ಹೆಚ್ಚು. ರಿಪೇರಿಯ ಹಣ ಕಂತು ಕಂತಾಗಿ ಮನೆಯವರ ಬ್ಯಾಂಕ್ ಖಾತೆಗೆ ಬಂತು. ಕೆಲಸ ಮಾಡಿಸಿದವರು ಮನೆಯವರೇ. ಮಾಳಿಗೆಯ ಹೆಚ್ಚುವರಿ ಮಣ್ಣು ತೆಗೆಯುವುದು, ಗೋಡೆಯನ್ನು ಅಲ್ಲಲ್ಲಿ ತೂತು ಮಾಡಿ ಒಳಮೈ ಹೊರಮೈಗಳನ್ನು ಕಾಂಕ್ರೀಟಿನಿಂದ ಬೆಸೆಯುವುದು, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಪಟ್ಟಿ ಕಟ್ಟುವುದು, ಮೂಲೆಗಳನ್ನು ಬಿಗಿಮಾಡುವುದು ಇವೇ ಮುಖ್ಯ ಕೆಲಸಗಳು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಹಳ್ಳಿಯ ಮಹಿಳಾ ಮಂಡಳಗಳ ಹೆಂಗಸರನ್ನು ಇದಕ್ಕೆ ತಯಾರು ಮಾಡಿತು. ಮನೆಮನೆಗೆ ಹೋಗಿ ಗೋಡೆಯ ವಿಷಯ ಮಾತಾಡಿ, ಗೌಂಡಿಯ ಕೆಲಸವನ್ನು ಎದುರಿಗೆ ನಿಂತು ಪರೀಕ್ಷಿಸಿದವರು ಅವರು. 2001ರಲ್ಲಿ ಕಛ್‌ನಲ್ಲಿ ಭೂಕಂಪವಾದಾಗ ಲಾತೂರಿನ ಈ ಹೆಂಗಸರಲ್ಲಿ ಕೆಲವರು ಅಲ್ಲಿಗೆ ಹೋಗಿ ಗುಜರಾತಿನ ಹೆಂಗಸರಿಗೆ ತಮ್ಮ ಅನುಭವ ಹೇಳಿಕೊಟ್ಟರು. ದೆಹಲಿಯ ಭಾರತೀಯ ಮಾನಕ ಸಂಸ್ಥೆ ಮಣ್ಣಿನ ಕಟ್ಟಡಗಳಿಗೂ ಮಣ್ಣುಗಾರೆಯ ಕಲ್ಲುಕಟ್ಟಡಗಳಿಗೂ ಭೂಕಂಪ ತಾಳಿಕೊಳ್ಳುವ ಕಟ್ಟುವಿಕೆಯ ಮಾರ್ಗಸೂಚಿಗಳನ್ನು 1993ರಲ್ಲೇ ಪ್ರಕಟಿಸಿತ್ತು. ಗೋಡೆಯ ಅಡ್ಡಕ್ಕೆ ಉದ್ದಗಲ್ಲು ಇಡಬೇಕೆಂಬ ಹಳೆಯ ಕಲ್ಲುಕುಟಿಗರ ಪಾಠ ಅವುಗಳಲ್ಲಿದೆ.

ಭೂವಿಜ್ಞಾನಿಗಳಿಗೆ ಕಿಲ್ಲಾರಿ ಬೇರೆಯದೇ ಸವಾಲಾಯಿತು. ಹಿಮಾಲಯದಂತೆ ಭೂಫಲಕಗಳ ಅಂಚಿನಲ್ಲಿ ಆಗುವ ಭೂಕಂಪಕ್ಕೆ ಕಾರಣ ಸ್ಪಷ್ಟ. ಫಲಕದ ನಟ್ಟನಡುವೆ, ಗಟ್ಟಿ ನೆಲದಲ್ಲಿ ಯಾಕೆ ಹೀಗಾಯಿತು? ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಿಲ್ಲಾರಿಯಲ್ಲಿ ಆಳ ಕೊಳವೆ ಕೊರೆದು ನೋಡಿತು. ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆಯ ದಪ್ಪ ಅಲ್ಲಿ ಸುಮಾರು 340 ಮೀಟರ್. ಅದರಡಿ ತೆಳುವಾದ ಗಸಿಶಿಲೆಯ ಪದರ. ಅದಕ್ಕೂ ಕೆಳಗೆ ಕೋಟ್ಯಂತರ ವರ್ಷ ಹಳೆಯ ಕಲ್ಲು. ಊರಿನ ಬಳಿಯ ಹೊಲಗಳಲ್ಲಿ ನೆಲ ಸೀಳಿ, ಒಂದು ಕಡೆಯ ಭಾಗ ಇನ್ನೊಂದರ ಮೇಲೆ ಒತ್ತಿಕೊಂಡು ಏರಿದ ಗುರುತು ಸಿಕ್ಕಿತು. ಭಾರತದ ಫಲಕ ಉತ್ತರಕ್ಕೆ ಏಷ್ಯಾವನ್ನು ನೂಕುತ್ತಿರುವುದರಿಂದ ಅದರ ಒಳಭಾಗದಲ್ಲೂ ಒತ್ತಡ ಕೂಡುತ್ತಿದೆ, ಹಳೆಯ ಬಿರುಕುಗಳಲ್ಲಿ ಎಂದೋ ಒಮ್ಮೆ ಅದು ಬಿಡುಗಡೆಯಾಗುತ್ತದೆ ಎಂಬುದು ಈಗ ಬಹುಮಂದಿ ಒಪ್ಪುವ ವಿವರಣೆ. ಹತ್ತಿರದ ಮಾಕಣಿಯಲ್ಲಿ ತೇರಣಾಕ್ಕೆ ಕಟ್ಟಿದ ಜಲಾಶಯದ ನೀರು ಬಿರುಕಿಗಿಳಿದು ಕಂಪನಕ್ಕೆ ನೆವವಾಯಿತೇ ಎಂಬ ಚರ್ಚೆಯೂ ನಡೆಯಿತು. ಜಲಾಶಯ ಚಿಕ್ಕದೆಂಬ ಕಾರಣಕ್ಕೆ ಅದನ್ನು ಹಲವರು ಒಪ್ಪಲಿಲ್ಲ.

ಪುರಾತತ್ತ್ವಕ್ಕೂ ಇದರಲ್ಲಿ ಪಾಲು ಸಿಕ್ಕಿತು. ಇದೇ ಸೀಮೆಯ ತೇರ್, ಗ್ರೀಕ್ ನಾವಿಕರ ಬರಹದಲ್ಲಿ ತಗರ ಎಂದು ಹೆಸರು ಪಡೆದ ಹಳೆಯ ವ್ಯಾಪಾರಿ ಪಟ್ಟಣ. ಅಲ್ಲಿನ ಇಟ್ಟಿಗೆಯ ತ್ರಿವಿಕ್ರಮ ಗುಡಿಯಲ್ಲೂ ಮಣ್ಣಿನ ಪದರಗಳಲ್ಲೂ ಹಳೆಯ ಕಂಪನದ ಗುರುತುಗಳಿವೆ, ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ಇಲ್ಲಿ ಒಂದು ಭೂಕಂಪ ಆಗಿರಬೇಕು ಎಂದು ಭೂವಿಜ್ಞಾನಿಗಳು ವಾದಿಸಿದರು. ಅದು ನಿಜವಾದರೆ ಎರಡು ಭೂಕಂಪಗಳ ನಡುವೆ ಅರುವತ್ತು ತಲೆಮಾರುಗಳಷ್ಟು ಅಂತರ. ಅಷ್ಟು ದೂರದ ನೆನಪನ್ನು ಯಾವ ಊರೂ ಇಟ್ಟುಕೊಳ್ಳಲಾರದು. ಮನೆ ಕಟ್ಟುವ ರೂಢಿಯಲ್ಲಿ ಅದು ಉಳಿಯದಿದ್ದರೆ ಬೇರೆಲ್ಲೂ ಉಳಿಯುವುದಿಲ್ಲ. 2002ರಲ್ಲಿ ದೇಶದ ಭೂಕಂಪ ನಕ್ಷೆಯನ್ನು ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ಮೂರನೇ ವಲಯಕ್ಕೆ ಏರಿತು. ಅಪಾಯವೇ ಇಲ್ಲದ ನೆಲ ಎಂಬ ಮಾತು ಆ ದಿನದಿಂದ ಸರ್ಕಾರಿ ಕಾಗದದಲ್ಲಿ ಇಲ್ಲ.

ಕಿಲ್ಲಾರಿಯ ನೆನಪಿಗೆ ವರ್ಷದಲ್ಲಿ ಎರಡು ದಿನ. ಪಂಚಾಂಗದ ಪ್ರಕಾರ ಅನಂತ ಚತುರ್ದಶಿ ಮುಂದೆ ಹಿಂದೆ ಸರಿಯುತ್ತದೆ. ಕ್ಯಾಲೆಂಡರಿನ ಸೆಪ್ಟೆಂಬರ್ 30 ನಿಂತಲ್ಲೇ ನಿಲ್ಲುತ್ತದೆ. ಸರ್ಕಾರಿ ಕಾರ್ಯಕ್ರಮ ನಡೆಯುವುದು ಎರಡನೆಯ ದಿನ. ಹಳೆಯ ಊರಿನ ಜಾಗದಲ್ಲಿರುವ ಸ್ಮಾರಕದ ಬಳಿ ಊರವರು, ಅಧಿಕಾರಿಗಳು ಸೇರುತ್ತಾರೆ. ಪೊಲೀಸರು ಗೌರವ ವಂದನೆ ಸಲ್ಲಿಸುತ್ತಾರೆ. ಅಂದು ಮಕ್ಕಳಾಗಿದ್ದವರು ಇಂದು ನಡುವಯಸ್ಸಿನವರು. ಸುತ್ತಲಿನ ಹಳ್ಳಿಗಳಲ್ಲಿ ಕಾಲದ ಲೆಕ್ಕವನ್ನು ಭೂಕಂಪಕ್ಕೆ ಮೊದಲು, ಭೂಕಂಪದ ಮೇಲೆ ಎಂದು ಹೇಳುವುದು ರೂಢಿಯಾಗಿದೆ.

ಈ ಭೂಕಂಪದ ನೆನಪು ಗಡಿಯ ಈಚೆಗೂ ಜೀವಂತವಾಗಿದೆ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಕೆಲವು ವರ್ಷಗಳಿಂದ ನೆಲದೊಳಗಿನ ಸದ್ದು, ಸಣ್ಣ ಕಂಪನಗಳ ದೂರು ಇತ್ತು. 2021ರ ಅಕ್ಟೋಬರ್‌ನಲ್ಲಿ ಅದು ಜೋರಾಯಿತು. 11ನೇ ತಾರೀಕಿನ ರಾತ್ರಿ ಆದದ್ದರ ಪ್ರಮಾಣ 4.1. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಹಲವರು ಊರು ಬಿಟ್ಟು ನೆಂಟರ ಮನೆ ಸೇರಿದರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರೂ ಹೈದರಾಬಾದಿನ ವಿಜ್ಞಾನಿಗಳೂ ಬಂದು ಮಾಪಕ ಇಟ್ಟರು. ಸುಣ್ಣಕಲ್ಲಿನ ನೆಲದ ಸಂದುಗಳಿಗೆ ಮಳೆಗಾಲದ ನೀರು ಇಳಿದು ಇಂಥ ಕಂಪನಗಳಾಗುತ್ತವೆ, ಗಾಬರಿ ಬೇಡ ಎಂಬ ವಿವರಣೆ ಬಂತು. ವಿವರಣೆ ಸರಿಯೇ ಇರಬಹುದು. ಆದರೆ 1992ರ ಕಿಲ್ಲಾರಿಯ ಮಾತು ಕೇಳಿ ಬೆಳೆದ ಜನರಿಗೆ ಹೊರಗೆ ಮಲಗುವುದೇ ವಿವೇಕವಾಗಿ ಕಂಡಿದ್ದರಲ್ಲಿ ತಪ್ಪಿಲ್ಲ. ಅಲ್ಲಿನ ಹಳೆಯ ಮನೆಗಳೂ ಕಲ್ಲು–ಮಣ್ಣಿನವೇ. ಮಹಾರಾಷ್ಟ್ರದ 2,500 ಹಳ್ಳಿಗಳಲ್ಲಿ ಆದ ರಿಪೇರಿಯ ಕೆಲಸಕ್ಕೆ ರಾಜ್ಯದ ಗಡಿಯೇ ಎಲ್ಲೆಯಾಯಿತು, ಮಾಳಿಗೆ ಮನೆಗಳಿಗೆ ಆ ಎಲ್ಲೆ ಇಲ್ಲ.

ಕಿಲ್ಲಾರಿಯ ಪಾಠ ಹಳ್ಳಿಗಳಿಗಷ್ಟೇ ಅಲ್ಲ, ನಗರಗಳಿಗೂ ಇದೆ. ಬೆಂಗಳೂರು 2002ರ ನಕ್ಷೆಯಲ್ಲಿ ಎರಡನೇ ವಲಯದಲ್ಲಿತ್ತು, ಅಂದರೆ ಆ ನಕ್ಷೆಯಲ್ಲಿ ಉಳಿದ ನಾಲ್ಕರಲ್ಲಿ ಅತಿ ಕಡಿಮೆ ಅಪಾಯದ್ದು. ಕಿಲ್ಲಾರಿಯ ಮಣ್ಣಿನ ಮಾಳಿಗೆ ಇಲ್ಲಿ ಇಲ್ಲ. ಆದರೆ ಭಾರ ಮೇಲೆ, ಬಲ ಕೆಳಗೆ ಕಡಿಮೆ ಎಂಬ ತಪ್ಪು ಬೇರೆ ರೂಪದಲ್ಲಿ ಇದೆ. ವಿಜಯನಗರ, ಕೆಂಗೇರಿ, ಉಲ್ಲಾಳದ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ನಿವೇಶನದ ಮೇಲೆ ನಾಲ್ಕೈದು ಮಹಡಿ ಏರಿಸಿ, ನೆಲಮಹಡಿಯನ್ನು ಗಾಡಿ ನಿಲ್ಲಿಸಲು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಬಿಡುವುದು ಮಾಮೂಲಾಗಿದೆ. ಗೋಡೆಗಳಿರುವ ಮೇಲಿನ ಮಹಡಿಗಳು ಬಿಗಿಯಾಗಿ ಒಟ್ಟಿಗೆ ಅಲುಗಿದರೆ ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ಮೇಲೆ ಬೀಳುತ್ತದೆ. 2001ರ ಜನವರಿ 26ರ ಕಛ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಅಹಮದಾಬಾದಿನಲ್ಲಿ ಕುಸಿದ ವಸತಿ ಕಟ್ಟಡಗಳಲ್ಲಿ ಇಂಥವೇ ಹೆಚ್ಚಾಗಿದ್ದವು, ನೂರಾರು ಜನ ಅವುಗಳಡಿ ಸತ್ತರು. ಕಟ್ಟುವಾಗಲೇ ಕಂಬಗಳ ಗಾತ್ರ ಹೆಚ್ಚಿಸಿ, ಉಂಗುರದ ಸರಳುಗಳನ್ನು ಹತ್ತಿರ ಹತ್ತಿರ ಹಾಕಿ, ನೆಲಮಹಡಿಯಲ್ಲಿ ಒಂದೆರಡು ಕಡೆ ಕಾಂಕ್ರೀಟ್ ಗೋಡೆ ನಿಲ್ಲಿಸಿದರೆ ಈ ದೌರ್ಬಲ್ಯ ಬಹುಪಾಲು ನೀಗುತ್ತದೆ. ಈಗಾಗಲೇ ನಿಂತಿರುವ ಕಟ್ಟಡಗಳ ಕಂಬಗಳಿಗೆ ಹೊರಗಿನಿಂದ ಕಾಂಕ್ರೀಟಿನ ಕವಚ ಕೊಡುವ ವಿಧಾನವೂ ಬಳಕೆಯಲ್ಲಿದೆ.